ನಮ್ಮ ಬೀದಿಯ ಲೆಕ್ಕ, ಭಾಗ 3: ನಾನು ಕೇಳದೇ ಬಿಟ್ಟವರು

ಫೋಟೋದಲ್ಲಿ ಕಾಣ್ತಿರೋದು ಮಂಜಲ್ಲ, ಹಬೆ. ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯೋ ಶೆಡ್, ರಾಮನಗರ. ನಮ್ಮ ಗೂಡಿನ ಮಾರ್ಕೆಟ್ ನೋಡೋಕೆ ಎಲ್ಲೆಲ್ಲಿಂದಲೋ ಬರ್ತಾರೆ. ಶೆಡ್ ಒಳಗೆ ಯಾರೂ ಬರಲ್ಲ, ವಾಸನೆ ಅಲ್ವಾ!

ಸ್ಟ್ಯಾಟಿಸ್ಟಿಕ್ಸ್ ಪ್ರಾಜೆಕ್ಟ್‌ಗೆ ಒಂದು ಪ್ರಶ್ನೆ ಇಟ್ಕೊಂಡೆ: ಈ ಹಬೆ, ಸೌದೆ ಹೊಗೆಯಿಂದ ಉಸಿರಾಟದ ತೊಂದರೆ ಬರುತ್ತಾ? ಮೂರು ಶೆಡ್‌ಗೆ ಹೋಗಿ 30 ಜನರನ್ನ ಕೇಳಿದೆ. ಕೆಮ್ಮು, ದಮ್ಮು ಅಂದವರು ನಾಲ್ಕೇ ಜನ. "ಹೆಚ್ಚಿನ ತೊಂದರೆ ಇಲ್ಲ" ಅಂತ ಬರೆದು ಚಾರ್ಟ್‌ಗೆ ಬಣ್ಣಾನೂ ಹಾಕಿಬಿಟ್ಟೆ.

ರಾತ್ರಿ ಅದನ್ನ ನೋಡಿದ ದೊಡ್ಡಮ್ಮ, ಇನ್‌ಹೇಲರ್ ಎಳ್ಕೊಂಡು, "ನನ್ನನ್ನ ಯಾಕೆ ಮಗಾ ಕೇಳ್ಲಿಲ್ಲ?" ಅಂದ್ರು.

ಹದಿನೈದು ವರ್ಷ ನೂಲು ತೆಗೆದವರು. ಉಸಿರು ಕಟ್ಟೋಕೆ ಶುರುವಾದ ಮೇಲೆ ಕೆಲಸ ಬಿಟ್ಟರು. ಶೆಡ್‌ನಲ್ಲಿ ಅವರಿಲ್ಲ, ಹಾಗಾಗಿ ನನ್ನ ಲೆಕ್ಕದಲ್ಲೂ ಇಲ್ಲ. ಕಾಯಿಲೆಯಾದವರು ಮನೆ ಸೇರ್ತಾರೆ, ತಡ್ಕೊಂಡವರು ಉಳೀತಾರೆ. ಉಳಿದವರನ್ನಷ್ಟೇ ಎಣಿಸಿದ್ರೆ ಶೆಡ್ ಆರೋಗ್ಯವಾಗೇ ಕಾಣುತ್ತೆ. ಇದಕ್ಕೆ ಸಂಶೋಧಕರು 'ಹೆಲ್ದಿ ವರ್ಕರ್ ಎಫೆಕ್ಟ್' ಅಂತ ಹೆಸರೇ ಇಟ್ಟಿದ್ದಾರೆ. ಗುಂಡಿ ಪಕ್ಕ ಬೋರ್ಡ್ ಇತ್ತು, ನಾನು ಓದಿರಲಿಲ್ಲ ಅಷ್ಟೇ.

ಇನ್ನೊಂದು ತಪ್ಪು, ಹೋಲಿಸೋಕೆ ಯಾರನ್ನೂ ಇಟ್ಕೊಂಡಿರಲಿಲ್ಲ. ಕಾಸರಗೋಡಿನ ಪಡ್ರೆ ಕೇಳಿದ್ದೀರಾ? ಕನ್ನಡ ಮಾತಾಡೋ ಊರು. ಅಲ್ಲಿನ ಗೇರು ತೋಟಗಳ ಮೇಲೆ 20 ವರ್ಷಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದ್ರು. ಅಹಮದಾಬಾದ್‌ನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ತೋಟದ ಬುಡದ ಊರಿನ 117 ಹುಡುಗರನ್ನ ಪರೀಕ್ಷಿಸಿ ಸುಮ್ಮನಾಗಲಿಲ್ಲ. ಸಿಂಪಡಣೆ ಆಗದ ಊರಿನ 90 ಹುಡುಗರನ್ನೂ ಪರೀಕ್ಷಿಸಿದ್ರು, ರಕ್ತದಲ್ಲಿ ಎಂಡೋಸಲ್ಫಾನ್ ಎಷ್ಟಿದೆ ಅಂತ ಅಳೆದ್ರು. ಸಿಂಪಡಣೆಯಾದ ಕಡೆ ಹುಡುಗರು ಪ್ರಾಯಕ್ಕೆ ಬರೋದು ತಡವಾಗ್ತಿದೆ ಅಂತ 2003ರಲ್ಲಿ ಪ್ರಕಟಿಸಿದ್ರು. ಆ 90 ಜನ ಇಲ್ದಿದ್ರೆ ಯಾರಿಗಿಂತ ತಡ ಅಂತ ಹೇಳೋದು?

ಭಾನುವಾರ ಮತ್ತೆ ಹೊರಟೆ. ಈ ಸಲ ಶೆಡ್‌ಗಲ್ಲ, ಮನೆಗಳಿಗೆ. "ಮೊದಲು ಯಾರು ರೀಲಿಂಗ್ ಮಾಡ್ತಿದ್ರಿ? ಯಾಕೆ ಬಿಟ್ರಿ?" ಅದೇ ಬೀದಿಯಲ್ಲಿ ಟೈಲರಿಂಗ್ ಮಾಡೋರನ್ನೂ ಕೇಳ್ತಿದೀನಿ. ಮನೇಲಿ ಸೌದೆ ಒಲೆ ಇದ್ಯಾ, ಬೀಡಿ ಸೇದ್ತೀರಾ ಅಂತಾನೂ. ಇಲ್ಲಾಂದ್ರೆ ಒಲೆಯ ತಪ್ಪನ್ನೂ ಶೆಡ್ ಮೇಲೆ ಹೊರಿಸಿಬಿಡ್ತೀನಿ. (ಬೀಡಿ ಪ್ರಶ್ನೆಗೆ ಎಷ್ಟು ಬೈಸಿಕೊಂಡೆ ಅನ್ನೋದು ಬೇರೆ ಪೋಸ್ಟ್.)

ಮೊದಲ ಫಾರ್ಮ್ ದೊಡ್ಡಮ್ಮಂದೇ. 'ಎಷ್ಟು ವರ್ಷ ಕೆಲಸ' ಅನ್ನೋ ಜಾಗದಲ್ಲಿ 15 ಅಂತ ನಾನೇ ಬರೆಯೋಕೆ ಹೋದೆ. ಕೈ ಹಿಡಿದು ನಿಲ್ಲಿಸಿದ್ರು.

"ಮದುವೆಗೆ ಮುಂಚೆ ಮಾಡಿದ್ದೂ ಸೇರಿಸ್ಬೇಕಾ?"