ಕೋಣೆ ಜೋಡಿಸಿದ ಭವನ

ಫ್ಲಾರಿಡಾದ ಡಿಸ್ನಿ ವಿನೋದನಗರಿಯಲ್ಲಿ ‘ಕಂಟೆಂಪೊರರಿ’ ಎಂಬ ಹೋಟೆಲೊಂದಿದೆ; 1971ರ ಅಕ್ಟೋಬರಿನಲ್ಲಿ ಬಾಗಿಲು ತೆರೆದದ್ದು. ಅದರ ಕೋಣೆಗಳನ್ನು ಬೇರೊಂದೆಡೆ ಸ್ನಾನಗೃಹಸಹಿತ ಸಿದ್ಧಪಡಿಸಿ, ಲಾರಿಯಲ್ಲಿ ತಂದು, ಕ್ರೇನಿನಿಂದೆತ್ತಿ, ಇಂಗ್ಲಿಷಿನ ‘ಎ’ ಅಕ್ಷರದಾಕಾರದ ಉಕ್ಕಿನ ಚೌಕಟ್ಟಿನೊಳಗೆ ಮೇಜಿನ ಸೆಳೆಖಾನೆಗಳಂತೆ ತಳ್ಳಿದರು.

ತಮ್ಮನ ಆಹ್ವಾನದ ಮೇರೆಗೆ ಅಮೆರಿಕಕ್ಕೆ ಹೋದಾಗ ಅದನ್ನು ಕಂಡೆ. ಅಲ್ಲಿ ತಂಗುವಷ್ಟು ಅನುಕೂಲ ಅಧ್ಯಾಪಕನಿಗೆಲ್ಲಿ? ಹಜಾರದಲ್ಲಿ ನಿಂತು ನೋಡಿದ್ದಷ್ಟೇ. ತಲೆಯ ಮೇಲೆ ಒಂಟಿಹಳಿಯ ರೈಲು ಕಟ್ಟಡದ ಹೊಟ್ಟೆಯನ್ನೇ ತೂರಿಕೊಂಡು ಹೋಯಿತು. ಹಿರಿಯರೂ ಬಾಯಿ ತೆರೆದು ನೋಡುತ್ತಿದ್ದರು. ಅರ್ಧ ಶತಮಾನ ಕಳೆದರೂ ಆ ಬೆರಗು ಹಳತಾಗಿಲ್ಲ. ಎದುರಿಗೆ ಮೇರಿ ಬ್ಲೇರ್ ರಚಿಸಿದ, ಬಣ್ಣದ ಬಿಲ್ಲೆಗಳ 90 ಅಡಿ ಎತ್ತರದ ಭಿತ್ತಿಚಿತ್ರ. ಅದರಲ್ಲೊಂದು ಐದು ಕಾಲಿನ ಮೇಕೆ! ನನ್ನ ಮಗಳು ಕಾಲುಗಳನ್ನು ಎರಡೆರಡು ಸಲ ಎಣಿಸಿದಳು.

ಸೆಳೆಖಾನೆಯ ವೃತ್ತಾಂತವನ್ನು ನನಗೆ ವಿವರಿಸಿದವನು ತಮ್ಮ. ಊರಿನ ಮನೆಯನ್ನು ಮಾರಿಬಿಡುವ ಮಾತನ್ನು ಹಿಂದಿನ ರಾತ್ರಿ ಎತ್ತಿದವನೂ ಅವನೇ. ಚಿತ್ರವನ್ನೇ ನೋಡುತ್ತ, “ನಮ್ಮ ಮನೆಯಿಂದಲೂ ಅಜ್ಜಿಯ ಕೋಣೆಯೊಂದನ್ನು ಹೀಗೆ ಎಳೆದುಕೊಳ್ಳುವಂತಿದ್ದರೆ?” ಎಂದ.

ನಾನು ಉತ್ತರಿಸಲಿಲ್ಲ. ಮುಂದಿನ ರೈಲು ಬರುವವರೆಗೂ ಇಬ್ಬರೂ ಅಲ್ಲಿಯೇ ನಿಂತಿದ್ದೆವು.