ಅಪ್ಪನ ಏಳನೇ ಅಧ್ಯಾಯ

ಶನಿವಾರ ಮಧ್ಯಾಹ್ನ ಛತ್ರಪತಿ ಸಂಭಾಜಿನಗರದಲ್ಲಿ ತಪೋವನ ಎಕ್ಸ್‌ಪ್ರೆಸ್ ಹತ್ತಿದರೆ ಸಂಜೆಗೆ ನಾಸಿಕ್ ರೋಡ್. ಭಾನುವಾರ ರಾತ್ರಿ ಎಸ್‌ಟಿ ಬಸ್ಸಿನಲ್ಲಿ ಯೇವಲಾ, ವೈಜಾಪುರ ಹಾದು ವಾಪಸ್. ವಾಳೂಜ್ ಎಂಐಡಿಸಿಯಲ್ಲಿ ನನ್ನ ಕೆಲಸ, ನಾಸಿಕ್ಕಿನಲ್ಲಿ ಹೆಂಡತಿಯ ಶಾಲೆ, ಮಗನ ಒಂಬತ್ತನೇ ತರಗತಿ, ಜೊತೆಗೆ ಅವ್ವ. ಆರು ವರ್ಷದಿಂದ ಹೀಗೇ ನಡೆದಿದೆ. ಊರಿಗೆ ಔರಂಗಾಬಾದ್ ಎಂಬ ಹೆಸರಿದ್ದಾಗ ಬಂದವನು ನಾನು. 2023ರಲ್ಲಿ ಹೆಸರು ಬದಲಾಯಿತು, ಬಾಯಿಗೆ ಇನ್ನೂ ಪೂರ್ತಿ ರೂಢಿಯಾಗಿಲ್ಲ.

ರೈಲಿನ ಆ ಮೂರು ನಾಲ್ಕು ತಾಸು ಮಾತ್ರ ನನ್ನ ಸ್ವಂತದ್ದು. ಲ್ಯಾಪ್‌ಟಾಪ್ ತೆರೆದು ಕೂರುತ್ತೇನೆ. ಪಕ್ಕದವರು ಪರದೆಯಲ್ಲಿ ಇಣುಕಿ, ಒಂದು ಕಡೆ ಅರ್ಥವಾಗದ ಇಂಗ್ಲಿಷ್ ಚಿಹ್ನೆಗಳು, ಇನ್ನೊಂದು ಕಡೆ ಕನ್ನಡ ಅಕ್ಷರಗಳು ಇರುವುದನ್ನು ಕಂಡು "ಹೇ ಕಾಯ್ ಆಹೆ?" ಎಂದು ಕೇಳುತ್ತಾರೆ. "ವಡಿಲಾಂಚೆ ಪುಸ್ತಕ್" ಎನ್ನುತ್ತೇನೆ, ಅಪ್ಪನ ಪುಸ್ತಕ. ಅದರ ವಿಷಯ ಆಮೇಲೆ ಹೇಳುತ್ತೇನೆ.

ನಾನು ಸಾಫ್ಟ್‌ವೇರ್ ಇಂಜಿನಿಯರ್ ಅಲ್ಲ. ಕಾರ್ಖಾನೆಯಲ್ಲಿ ಯಂತ್ರಗಳ ಮೆಂಟೆನನ್ಸ್ ನೋಡಿಕೊಳ್ಳುತ್ತೇನೆ. ಯಂತ್ರ ಕೆಟ್ಟರೆ ಬಿಚ್ಚಿ ನೋಡುವುದು ನನ್ನ ಅನ್ನ. ಅದಕ್ಕೇ ಇರಬೇಕು, ಬಿಚ್ಚಿ ನೋಡಲು ಬಿಡದ ಸಾಫ್ಟ್‌ವೇರ್ ಕಂಡರೆ ಮೊದಲಿನಿಂದಲೂ ನನಗೆ ಸಿಟ್ಟು. ನಮ್ಮ ಕಟ್ಟಡದಲ್ಲಿ ಓಝರ್‌ನ ಎಚ್‌ಎಎಲ್‌ನಿಂದ ನಿವೃತ್ತರಾದ ಧಾರವಾಡದ ಕಾಕಾ ಒಬ್ಬರಿದ್ದಾರೆ. ನನ್ನ ಹಳೇ ಲ್ಯಾಪ್‌ಟಾಪ್ ತೆವಳತೊಡಗಿದಾಗ ಅವರೇ ಒಂದು ಪೆನ್‌ಡ್ರೈವ್ ತಂದು ಲಿನಕ್ಸ್ ಮಿಂಟ್ ಹಾಕಿಕೊಟ್ಟರು. "ರೊಕ್ಕ ಕೊಡಂಗಿಲ್ಲ, ಆದ್ರ ತಲಿ ಕೊಡಬೇಕಾಗ್ತದ" ಎಂದಿದ್ದರು. ಮುಕ್ತ ತಂತ್ರಾಂಶದ ಬಗ್ಗೆ ಇದಕ್ಕಿಂತ ಸರಿಯಾದ ಮಾತು ನಾನು ಎಲ್ಲೂ ಓದಿಲ್ಲ.

ಚಿತ್ರ ಬರೆಯುವುದು ನನ್ನ ಹಳೆಯ ಹುಚ್ಚು. ಮೊದಲು ತಿಂಗಳ ಬಾಡಿಗೆ ಕಟ್ಟುವ ಒಂದು ಪ್ರೋಗ್ರಾಮಿನಲ್ಲಿ ಬರೆಯುತ್ತಿದ್ದೆ. ಒಂದು ಸಲ ಬ್ಯಾಂಕಿನ ಕಾರ್ಡ್ ಬದಲಾಗಿ ಹಣ ಹೋಗಲಿಲ್ಲ. ಅವತ್ತು ನಾನೇ ಬರೆದ ಚಿತ್ರ ನನಗೇ ತೆರೆಯಲಿಲ್ಲ. ಬಾಡಿಗೆ ತಪ್ಪಿದ್ದು ನನ್ನದೇ, ಒಪ್ಪುತ್ತೇನೆ. ಆದರೆ ಬಾಡಿಗೆ ಮನೆಯವರೂ ನಮ್ಮ ಪಾತ್ರೆ ಪಡಗವನ್ನು ಹೊರಗೆ ಒಯ್ಯಲು ಬಿಡುತ್ತಾರಲ್ಲ?

ಆಮೇಲೆ ಕ್ರಿಟಾಕ್ಕೆ ಬಂದೆ. ಹೆಸರು ನೋಡಿ ಸಂಸ್ಕೃತದ 'ಕೃತ' ಎಂದೇ ತಿಳಿದಿದ್ದೆ. ಸ್ವೀಡಿಶ್ ಭಾಷೆಯಲ್ಲಿ ಅದು ಸೀಮೆಸುಣ್ಣದಂಥ ಬರೆಯುವ ಕಡ್ಡಿಯ ಹೆಸರಂತೆ. ಪುಕ್ಕಟೆಯದು ಎಂದರೆ ಕಳಪೆ ಎಂದುಕೊಳ್ಳುವವರಿಗೆ ನಾನು ಬ್ಲೆಂಡರ್ ಕಥೆ ಹೇಳುತ್ತೇನೆ. 2002ರಲ್ಲಿ ಅದನ್ನು ನಡೆಸುತ್ತಿದ್ದ ಕಂಪನಿ ಮುಚ್ಚಿತು. ಅದನ್ನು ಕಟ್ಟಿದ ಟಾನ್ ರೋಸೆಂಡಾಲ್ ಹೂಡಿಕೆದಾರರಿಂದ ಕೋಡ್ ಬಿಡಿಸಿಕೊಳ್ಳಲು ಒಂದು ಲಕ್ಷ ಯೂರೋ ಬೇಕು ಎಂದು ಬಳಕೆದಾರರನ್ನೇ ಕೇಳಿದರು. ಏಳು ವಾರದಲ್ಲಿ ಹಣ ಕೂಡಿತು, ಕೋಡ್ ಎಲ್ಲರದ್ದಾಯಿತು. ಅದೇ ಬ್ಲೆಂಡರ್‌ನಲ್ಲಿ ಮಾಡಿದ ಲಾಟ್ವಿಯಾದ 'ಫ್ಲೋ' ಚಿತ್ರಕ್ಕೆ 2025ರಲ್ಲಿ ಆಸ್ಕರ್ ಬಂತು.

ನಾನು ಬರೆಯುವುದು ಅಷ್ಟು ದೊಡ್ಡದಲ್ಲ. ಕಸೂತಿ. ಕ್ಯಾನ್ವಾಸಿನ ಮೇಲೆ ಚೌಕಳಿ ಹಾಕಿಕೊಂಡು, ಒಂದೊಂದು ಚೌಕಕ್ಕೆ ಒಂದೊಂದು ಬಣ್ಣ ತುಂಬಿ ತೇರು, ಗೋಪುರ, ಆನೆ, ತುಳಸಿಕಟ್ಟೆ ಬರೆಯುತ್ತೇನೆ. ಪಿಕ್ಸೆಲ್ ಆರ್ಟ್ ಎಂದು ಹುಡುಗರು ಏನನ್ನು ಕರೆಯುತ್ತಾರೋ ಅದನ್ನು ನಮ್ಮ ಹೆಣ್ಣುಮಕ್ಕಳು ಶತಮಾನಗಳಿಂದ ಇಳಕಲ್ ಸೀರೆಯ ಮೇಲೆ ಮಾಡಿದ್ದಾರೆ. ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲೇ ಗೆರೆ ಎಳೆದುಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಗವಂತಿ, ಮುರಗಿ, ನೇಯ್ಗೆ, ಮೆಂತೆ ಎಂದು ನಾಲ್ಕು ಬಗೆ ಹೊಲಿಗೆ. ಗವಂತಿ ಸರಿ ಬಿದ್ದರೆ ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣುತ್ತದೆ, ಗಂಟು ಎಲ್ಲಿ ಎಂದು ಹುಡುಕಬೇಕು.

ನನ್ನ ಮೊದಲ ತೇರನ್ನು ಅವ್ವನಿಗೆ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದಳು.

"ಎಳಿ ಎಣಿಸಿ ಹಾಕೀಯೋ, ಅಂದಾಜಿನ್ಯಾಗ ಹಾಕೀಯೋ?"

"ಎಣಿಸೇ ಹಾಕೀನವ್ವಾ."

"ಹಂಗಾರ ಹಿಂದ ತಿರುವಿ ತೋರ್ಸು."

ಲ್ಯಾಪ್‌ಟಾಪಿಗೆ ಹಿಂದುಗಡೆ ಏನಿದೆ? ನಾನು ಸುಮ್ಮನಾದೆ. ಮಗ ನಕ್ಕೂ ನಕ್ಕೂ ಸುಸ್ತಾದ. ಅವನೇ ಒಂದು ದಿನ ಎಐಗೆ ಹೇಳಿ ಕಸೂತಿಯ ಚಿತ್ರ ಮಾಡಿಸಿ ಅಜ್ಜಿಗೆ ತೋರಿಸಿದ. ದೂರದಿಂದ ಚೆಂದವೇ ಇತ್ತು. ಆದರೆ ಕೆಳಗೆ ಬರೆಸಿದ ಕನ್ನಡ ಅಕ್ಷರಗಳು ಜಿಲೇಬಿಯಂತಿದ್ದವು, ಹೊಲಿಗೆಗೆ ಎಣಿಕೆಯೇ ಇರಲಿಲ್ಲ. "ಇದನ್ನ ಹೊಲಿಯಾಕ ಬರಂಗಿಲ್ಲ" ಎಂದು ಅವ್ವ ಒಂದೇ ಮಾತಿನಲ್ಲಿ ಮುಗಿಸಿದಳು.

ಆಟದ ವಿಷಯದಲ್ಲಿ ಮಾತ್ರ ನಾನು ಮಗನ ಮುಂದೆ ಸೋತವನು. ಸ್ಟೀಮ್‌ನವರು 2018ರಲ್ಲಿ ಪ್ರೋಟಾನ್ ತಂದ ಮೇಲೆ ವಿಂಡೋಸ್‌ನ ಎಷ್ಟೋ ಆಟ ಲಿನಕ್ಸಿನಲ್ಲಿ ಓಡುತ್ತವೆ, ನಿಜ. ಆದರೆ ಅವನ ಗೆಳೆಯರು ಆಡುವುದು ವ್ಯಾಲೊರಂಟ್. ಮೋಸ ತಡೆಯಲೆಂದು ಆ ಆಟ ಕಂಪ್ಯೂಟರಿನ ಹೊಟ್ಟೆಯೊಳಗೇ ಒಬ್ಬ ಕಾವಲುಗಾರನನ್ನು ಕೂರಿಸುತ್ತದೆ, ಅದು ಲಿನಕ್ಸಿನಲ್ಲಿ ನಡೆಯುವುದಿಲ್ಲ. "ಅಪ್ಪಾ, ನಿನ್ನ ಸ್ವಾತಂತ್ರ್ಯಕ್ಕೆ ನಾನ್ಯಾಕೆ ಒಬ್ಬನೇ ಕೂರಬೇಕು?" ಎಂದು ಅವನು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನ ಕಂಪ್ಯೂಟರಿನಲ್ಲಿ ಎರಡೂ ಇವೆ ಈಗ. ಹದಿನಾಲ್ಕು ವರ್ಷದ ಹುಡುಗನಿಗೆ ಗೆಳೆಯರಿಗಿಂತ ಲೈಸೆನ್ಸ್ ದೊಡ್ಡದು ಎಂದು ಹೇಳುವ ಧೈರ್ಯ ನನಗಿಲ್ಲ.

ಆದರೂ ಒಂದು ಮಾತು ಅವನ ಕಿವಿಗೆ ಹಾಕಿದ್ದೇನೆ. 2014ರಲ್ಲಿ ಬಂದ 'ದಿ ಕ್ರೂ' ಎಂಬ ಕಾರಿನ ಆಟದ ಸರ್ವರ್‌ಗಳನ್ನು 2024ರ ಮಾರ್ಚ್‌ನಲ್ಲಿ ಮುಚ್ಚಿದರು. ದುಡ್ಡು ಕೊಟ್ಟು ಕೊಂಡವರೂ ಆಮೇಲೆ ಒಬ್ಬರೇ ಕೂತು ಸಹ ಆಡುವಂತಿರಲಿಲ್ಲ. ಭಾನುವಾರ ನಾವಿಬ್ಬರೂ ಸೇರಿ ಆಡುವುದು '0 ಎ.ಡಿ.' ಎಂಬ ಮುಕ್ತ ಆಟ. ಅದರಲ್ಲಿ ರೋಮನ್ನರು, ಪರ್ಷಿಯನ್ನರ ಜೊತೆ ಮೌರ್ಯರೂ ಇದ್ದಾರೆ, ಆನೆಗಳ ಸಮೇತ. ಮೌರ್ಯರು ಉತ್ತರದವರು, ನಮಗೇನು ಸಂಬಂಧ ಎಂದಿದ್ದ ಮಗ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಲ್ಲೇ ಅಶೋಕ ಎಂಬ ಹೆಸರು ಸ್ಪಷ್ಟವಾಗಿ ಕಂಡಿದ್ದು ಎಂದು ಹೇಳಿದೆ. ಎಲ್ಲೋರಾಕ್ಕೆ ಹೋದಾಗ ಕೈಲಾಸವನ್ನು ಕಡೆಸಿದ ರಾಷ್ಟ್ರಕೂಟ ಕೃಷ್ಣ ನಮ್ಮವನು ಎಂದಿದ್ದೆ, ಅದು ನೆನಪಿತ್ತೋ ಏನೋ, "ಹಾಗಾದ್ರೆ ರಾಷ್ಟ್ರಕೂಟರನ್ನು ಯಾಕೆ ಹಾಕಿಲ್ಲ?" ಎಂದ. ಆಟದ ಕೋಡ್, ಚಿತ್ರ ಎಲ್ಲ ತೆರೆದೇ ಇದೆ, ನೀನೇ ಹಾಕು ಎಂದೆ. ಅಂದಿನಿಂದ ಒಂದು ಕೋಟೆಯ ಮಾದರಿ ಮಾಡಲು ಕೂತಿದ್ದಾನೆ. ಸದ್ಯಕ್ಕೆ ಅದು ನೀರಿನ ಟಾಕಿಯಂತಿದೆ.

ಇನ್ನು ಅಪ್ಪನ ಪುಸ್ತಕ. ಅಪ್ಪ ಗುಳೇದಗುಡ್ಡದಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರು. ನಿವೃತ್ತಿಯ ನಂತರ ಕಂಪ್ಯೂಟರ್ ಕಲಿತು, ಖಣ ನೇಯುವವರ ಓಣಿ, ಕುಣಿಮಗ್ಗ, ರಾತ್ರಿ ಶಾಲೆ ಎಲ್ಲವನ್ನೂ ಟೈಪ್ ಮಾಡಿಟ್ಟರು. ಒಟ್ಟು ಏಳು ಅಧ್ಯಾಯ. 2021ರಲ್ಲಿ ಅಪ್ಪ ಹೋದರು. ಕಡತಗಳು ಪೆನ್‌ಡ್ರೈವ್‌ನಲ್ಲಿದ್ದವು.

ಆರು ಅಧ್ಯಾಯ ಹಳೆಯ ನುಡಿಯಲ್ಲಿದ್ದವು. ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಇತ್ತು, ಆದರೆ ನಮ್ಮ ಕಂಪ್ಯೂಟರುಗಳಿಗೆ ಅದು ಬಂದಿದ್ದು ತಡವಾಗಿ. ಅಲ್ಲಿಯವರೆಗೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿ ನಡೆಸಿದೆವು. ಫಾಂಟ್ ಇಲ್ಲದ ಕಡೆ 'ಕನ್ನಡ' ಎಂಬ ಪದ ತೆರೆದರೆ ಒಂದು ದೊಡ್ಡ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಬ್ರಿಟಿಷ್ ಪೌಂಡಿನ ಚಿಹ್ನೆ ಹೀಗೆ ಕಾಣುತ್ತದೆ. ಪುಣ್ಯಕ್ಕೆ ಇದನ್ನು ಯೂನಿಕೋಡ್‌ಗೆ ತಿರುಗಿಸುವ ಮುಕ್ತ ಪರಿವರ್ತಕಗಳನ್ನು ಕನ್ನಡದವರೇ ಬರೆದಿಟ್ಟಿದ್ದಾರೆ. ಅರ್ಕಾವತ್ತಿನಲ್ಲಿ ಅಲ್ಲಲ್ಲಿ ಎಡವಿತು. ಹಳೆಯ ಫಾಂಟಿನಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ 'ರ' ಮೊದಲು ಬರಬೇಕು. ತಿದ್ದಿದೆ. ಎರಡು ವಾರದಲ್ಲಿ ಆರೂ ಅಧ್ಯಾಯ ಫೋನಿನಲ್ಲಿ ಓದುವಂತಾಯಿತು. ಕೆ.ಪಿ. ರಾವ್ ಅವರ ಕೀಲಿಮಣೆಯಲ್ಲೇ ಅಪ್ಪನೂ ಒತ್ತಿದ್ದು, ನಾನೂ ಒತ್ತುವುದು. ತಿದ್ದುವಾಗ ಒಮ್ಮೊಮ್ಮೆ ಅವರ ಬೆರಳಿನ ಹಿಂದೆಯೇ ನನ್ನ ಬೆರಳು ಹೋದಂತೆ ಅನಿಸುತ್ತಿತ್ತು.

ಏಳನೆಯದು ಬೇರೆ. ಕಣ್ಣಿನ ಪೊರೆ ತೆಗೆಸಿಕೊಂಡ ಸಮಯ ಅದು, ಅಪ್ಪ ಹೇಳಿ ಹೇಳಿ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದರು. ಅವರ ಸಾಫ್ಟ್‌ವೇರಿನ ಫಾಂಟೇ ಬೇರೆ, ಯಾವ ಅಕ್ಷರ ಎಲ್ಲಿ ಕೂತಿದೆ ಎಂಬ ಪಟ್ಟಿ ನನಗೆ ಸಿಗಲಿಲ್ಲ. ಕಂಪ್ಯೂಟರಿಗೆ ಒಂದು ಡಾಂಗಲ್ ಸಿಕ್ಕಿಸಿದರೆ ಮಾತ್ರ ಅದು ನಡೆಯುತ್ತಿತ್ತು. ಆ ಅಂಗಡಿ ಈಗ ಮೊಬೈಲ್ ರಿಪೇರಿಯದು, ಡಾಂಗಲ್ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ.

ನನ್ನ ಹತ್ತಿರ ಇರುವುದು ಒಂದೇ ದಾರ. ಅಧ್ಯಾಯದ ಮೊದಲ ಎರಡು ಪುಟ ಪ್ರಿಂಟ್ ತೆಗೆಸಿ ಅಪ್ಪ ತಮ್ಮ ನೇಕಾರ ಗೆಳೆಯರೊಬ್ಬರಿಗೆ ಕೊಟ್ಟಿದ್ದರು. ಅವರ ಮೊಮ್ಮಗ ಅದರ ಫೋಟೋ ಕಳಿಸಿದ. ಆ ಎರಡು ಪುಟ ಎದುರಿಗಿಟ್ಟುಕೊಂಡು, ಈ ಚಿಹ್ನೆ ಎಂದರೆ ಈ ಅಕ್ಷರ ಎಂದು ಒಂದೊಂದೇ ಪಟ್ಟಿ ಮಾಡುತ್ತಿದ್ದೇನೆ. ಮಗನಿಗೆ ಇದೊಂದು ಆಟ; ನನಗಿಂತ ಬೇಗ ಹಿಡಿಯುತ್ತಾನೆ. ಆದರೆ ಎರಡೇ ಪುಟದಲ್ಲಿ ಎಲ್ಲ ಒತ್ತಕ್ಷರ ಎಲ್ಲಿ ಬರುತ್ತವೆ? ಉಳಿದ ಕಡೆ ಊಹೆ.

ಹೋದ ಶನಿವಾರ ಮನ್ಮಾಡದಲ್ಲಿ ಗಾಡಿ ಬಹಳ ಹೊತ್ತು ನಿಂತಿತ್ತು. ಚಹಾ ಕುಡಿಯುತ್ತ ನಾಲ್ಕನೇ ಪುಟಕ್ಕೆ ಪಟ್ಟಿ ಹಚ್ಚಿದೆ. 'ಲಾಳಿ' ಬಂತು, 'ಹಾಸು' ಬಂತು, ಹೊಕ್ಕಿನ ಒತ್ತು ಬರಲಿಲ್ಲ. ಇನ್ನೂ ಹದಿಮೂರು ಚಿಹ್ನೆ ಬಾಕಿ ಇವೆ.

ಮನೆಗೆ ಬಂದು ಕೈಕಾಲು ತೊಳೆಯುವ ಮೊದಲೇ ಅವ್ವ ಕೇಳಿದಳು, "ನಮ್ಮ ಲಗ್ನದ ಮಾತು ಬಂತೇನು? ಅದರಾಗ ಬರದೀನಿ ಅಂದಿದ್ರು."

"ಇನ್ನೂ ಇಲ್ಲವ್ವಾ."

"ಬಂದ್ರ ಮೊದ್ಲ ನನಗ ಓದು. ಆ ಹುಡುಗನ ಮುಂದ ಬ್ಯಾಡ."