ಶಕುಂತಲೆ ಯಾಕೆ ತಿರುಗಿ ನೋಡಿದಳು?

ತಿರುವನಂತಪುರ,
ಭಾನುವಾರ

ಪ್ರೀತಿಯ ತಂಗೀ,

ಮಂಗಳೂರಿನ ನಿನ್ನ ಜರ್ಮನ್ ತರಗತಿಯಲ್ಲಿ ವ್ಯಾಕರಣಕ್ಕೆ ಒಳ್ಳೆಯ ಅಂಕ ತೆಗೆಯುವವರೂ ಬಾಯಿ ಬಿಡುವುದಿಲ್ಲ ಎಂದು ಬರೆದಿದ್ದೆ. ಇಲ್ಲಿಯೂ ಅದೇ ಮಾರಾಯ್ತಿ. ನನ್ನ ಹತ್ತಿರ ಕಲಿಯುವವರು ಹೆಚ್ಚಾಗಿ ಜರ್ಮನಿಯ ಆಸ್ಪತ್ರೆಗಳಿಗೆ ಹೊರಟ ನರ್ಸ್‌ಗಳು. ಹವ್ಯಾಸ ಏನೆಂದು ಕೇಳಿದರೆ ಉರು ಹೊಡೆದ ನಾಲ್ಕು ವಾಕ್ಯ, ಆಮೇಲೆ ಮೌನ.

ಹೋದ ವಾರ ರವಿವರ್ಮನ ಶಕುಂತಲೆಯ ಪ್ರತಿಯೊಂದನ್ನು ಗೋಡೆಗೆ ಅಂಟಿಸಿದೆ. ಮೂಲಚಿತ್ರ 1935ರಲ್ಲಿ ತೆರೆದ ಇಲ್ಲಿನ ಶ್ರೀಚಿತ್ರಾ ಆರ್ಟ್ ಗ್ಯಾಲರಿಯ ಸಂಗ್ರಹದ್ದು. ಮೊದಲು ಬರಿಯ ನಾಮಪದಗಳು ಬಂದವು: ಮರ, ಸೀರೆ, ಗೆಳತಿಯರು. "ಕಾಲಿನ ಮುಳ್ಳು ತೆಗೆಯುತ್ತಿದ್ದಾಳೆ" ಎಂದಳು ಒಬ್ಬಳು. "ಹಾಗಾದರೆ ಕಣ್ಣು ಕಾಲಿನ ಮೇಲೆ ಯಾಕಿಲ್ಲ?" ಎಂದೆ. ಅಷ್ಟೇ! 'ಬಹುಶಃ' ಎನ್ನುವ 'ಫೀಲೈಷ್ಟ್' ಅವರ ಪುಸ್ತಕದಲ್ಲಿ ಮೊದಲಿನಿಂದಲೂ ಇತ್ತು, ಅದು ಬೇಕೆನಿಸಿದ್ದು ಅವತ್ತೇ. ಹಿಂದೆಯೇ 'ಯಾಕೆಂದರೆ' ಎನ್ನುವ 'ವೈಲ್' ಬಂತು. ಅದು ಬಂದರೆ ಜರ್ಮನ್ನಿನಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಹೋಗಬೇಕಲ್ಲ, ಕನ್ನಡ ಮಲಯಾಳಗಳಲ್ಲಿ ಅದರ ಜಾಗ ಅಲ್ಲೇ. ಹಾಗೆಂದು ಹೇಳಿದ್ದೇ ತಡ, ಅವರ ಅರ್ಧ ಹೆದರಿಕೆ ಹೋಯಿತು. ಕೊನೆಯ ಬೆಂಚಿನ ಹುಡುಗಿ ಹೇಳಿದಳು: ವಾರ್ಡಿನಿಂದ ಹೊರಡುವ ಹೆಂಡತಿಯರು ಹೀಗೆಯೇ ಚಪ್ಪಲಿ ಸರಿಮಾಡುವ ನೆಪದಲ್ಲಿ ಗಂಡನನ್ನು ಇನ್ನೊಮ್ಮೆ ನೋಡುತ್ತಾರೆ. ಎರಡು ತಪ್ಪಿದ್ದವು. ನಾನು ತಿದ್ದಲಿಲ್ಲ.

ನನಗೂ ಹಾಗೆಯೇ ಆಗಿತ್ತು. ಕಾಸರಗೋಡಿನ ಕನ್ನಡ ಶಾಲೆಯಿಂದ ಕೊಚ್ಚಿಯ ಕಾಲೇಜಿಗೆ ಬಂದಾಗ ಮಲಯಾಳ ಅರ್ಥವಾಗುತ್ತಿತ್ತು, ನಾಲಗೆ ಏಳುತ್ತಿರಲಿಲ್ಲ. ಗೆಳತಿ ಮಟ್ಟಾಂಚೇರಿ ಅರಮನೆಗೆ ಕರೆದೊಯ್ದಳು. ರಾಜರ ಮಲಗುವ ಕೋಣೆಯ ಗೋಡೆಗಳಲ್ಲಿ ದಶರಥನ ಪುತ್ರಕಾಮೇಷ್ಟಿಯಿಂದ ಹಿಡಿದು ರಾಮ ಅಯೋಧ್ಯೆಗೆ ಮರಳುವವರೆಗಿನ ಕತೆ. ಯಕ್ಷಗಾನ ನೋಡಿ ಬೆಳೆದವಳಿಗೆ ಕತೆ ಗೊತ್ತಿತ್ತು, ಮಾತನ್ನಷ್ಟೇ ಹುಡುಕಬೇಕಿತ್ತು. ಬೆರಳು ತೋರಿಸುತ್ತಾ ತಪ್ಪು ತಪ್ಪಾಗಿ ಹೇಳಿದ ಆ ಒಂದು ಗಂಟೆಯೇ ನನ್ನ ಮೊದಲ ಮಲಯಾಳ.

ನೀನೂ ನಿನ್ನ ವಿದ್ಯಾರ್ಥಿಗಳಿಗೆ ಹೀಗೆ ಚಿತ್ರ ತೋರಿಸಿ ನೋಡು. ಒಂದು ದಿನಕ್ಕೆ ಒಂದೇ ಚಿತ್ರ ಸಾಕು. ಕಲಾವಿದನ ಚರಿತ್ರೆ ಹೇಳುತ್ತಾ ಕೂರಬೇಡ, ನೀನು ಶುರುಮಾಡಿದರೆ ಅವರು ಮತ್ತೆ ಕೇಳುಗರಾಗುತ್ತಾರೆ. ತಪ್ಪುಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಮರುದಿನ ತಿದ್ದು.

ನಿನ್ನ ಊರಿನ ಸಂತ ಅಲೋಶಿಯಸ್ ಚಾಪೆಲ್ಲಿನ ಗೋಡೆ, ಚಾವಣಿಗಳನ್ನೆಲ್ಲ ಇಟಲಿಯ ಆಂಟೋನಿಯೊ ಮೊಸ್ಕೇನಿ ಚಿತ್ರಗಳಿಂದ ತುಂಬಿಸಿದ್ದಾನೆ. ಈ ಶನಿವಾರವೇ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗು. ಯಾರು ಮೊದಲು ಬಾಯಿ ಬಿಟ್ಟರು, ಏನು ಹೇಳಿದರು ಎಂದು ನನಗೆ ಬರೆ.

ನಿನ್ನ
ಅಕ್ಕ